ಧ್ವನಿತಂತುವಿನಲ್ಲಿ ಗಂಟು: ದನಿ ಒಡೆಯುವುದು ಸರಿ, ಉಸಿರೂ ಕಟ್ಟುತ್ತಾ?

ಡೊಂಬಿವಲಿಯಲ್ಲಿ ಟೀಚರ್ ಆಗಿರುವ ನಿಮ್ಮ ಅಕ್ಕನ ಧ್ವನಿತಂತುಗಳಲ್ಲಿ ನಾಡ್ಯೂಲ್, ಅಂದರೆ ಸಣ್ಣ ಗಂಟು, ಇದೆ ಎಂದು ಇಎನ್‌ಟಿ ಡಾಕ್ಟರ್ ಹೇಳಿದ್ದಾರೆ, ಕ್ಯಾನ್ಸರ್ ಆಗುತ್ತಾ, ಉಸಿರು ಕಟ್ಟುತ್ತಾ ಎಂದು ಕೇಳಿದ್ದೀರಿ. ಈ ಗಂಟು ಕ್ಯಾನ್ಸರ್ ಆಗಿ ತಿರುಗುವುದಿಲ್ಲ. ಮೊದಲು ಆ ಭಯ ಬಿಡಿ.

ಹೆಂಗಸರು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ಕಿರುಚಿ ಪಾಠ ಮಾಡಿದರೆ ಬಡಿತ ಇನ್ನೂ ಜೋರು. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುತ್ತೆ ಅಲ್ವಾ, ಹಾಗೇ ಎರಡೂ ತಂತುಗಳಲ್ಲಿ ಎದುರುಬದುರು ಗಂಟು ಏಳುತ್ತದೆ. ಆಮೇಲೆ ಅವು ಪೂರ್ತಿ ಮುಚ್ಚುವುದಿಲ್ಲ, ಸಂದಿಯಲ್ಲಿ ಗಾಳಿ ಸೋರುತ್ತದೆ. ಅದಕ್ಕೇ ದನಿ ಗೊಗ್ಗರಾಗುವುದು, ಸಂಜೆ ಹೊತ್ತಿಗೆ ಅರ್ಧ ವಾಕ್ಯಕ್ಕೇ ದಮ್ಮು ಸಾಲದೆ ಹೋಗುವುದು.

ಮಾಟುಂಗದಲ್ಲಿ ಮಕ್ಕಳಿಗೆ ಹಾಡು ಕಲಿಸುವ ನನಗೂ ಇದು ಆಗಿತ್ತು. ಮೇಲಿನ ಸ ಹಿಡಿಯಲು ಹೋದರೆ ಬರೀ ಗಾಳಿ. ನನ್ನದು ವಾಯ್ಸ್ ಥೆರಪಿಯಲ್ಲೇ, ಅಂದರೆ ದನಿ ಬಳಸುವ ರೀತಿ ತಿದ್ದುವ ಅಭ್ಯಾಸದಲ್ಲೇ, ಕರಗಿತು, ಆಪರೇಷನ್ ಬೇಕಾಗಲಿಲ್ಲ. ಅಕ್ಕ ಸುಮ್ನೆ ಪಿಸುಗುಟ್ಟುವುದು ಬೇಡ, ಪದೇಪದೇ ಗಂಟಲು ಕೆರೆಯುವುದೂ ಬೇಡ. ಹಾಗನ್ನಿಸಿದಾಗ ಒಂದು ಗುಟುಕು ನೀರು ಕುಡಿಯಲಿ.

ನಾಡ್ಯೂಲ್‌ನಿಂದ ಉಸಿರು ಕಟ್ಟುವುದು ತೀರಾ ಅಪರೂಪ. ದೊಡ್ಡ ಪಾಲಿಪ್ (ತಂತುವಿನ ಮೇಲೆ ಬೆಳೆಯುವ ಮೆತ್ತನೆಯ ಗಡ್ಡೆ) ಅಥವಾ ಎಚ್‌ಪಿವಿ ಎಂಬ ವೈರಸ್‌ನಿಂದ ಬರುವ ಪ್ಯಾಪಿಲೋಮಾ (ನರುಲಿಯಂಥ ಬೆಳವಣಿಗೆ) ಆದರೆ ಉಸಿರಿನ ದಾರಿಗೆ ಅಡ್ಡ ಬರಬಹುದು. ಉಸಿರು ಎಳೆಯುವಾಗ ಸೀಟಿಯಂಥ ಸದ್ದು ಬಂದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.