ಓದುಗರ ಪ್ರಶ್ನೆ, ನಮ್ಮ ಉತ್ತರ: ನೇಕಾರರ ಕೂಟದಲ್ಲಿ ಏನು ಮಾತಾಡಬೇಕು?

ಪ್ರಶ್ನೆ: ನಮ್ಮ ಓಣಿಯ ಹದಿನಾರು ಮಗ್ಗದವರು ಸೇರಿ ಕಳೆದ ದೀಪಾವಳಿಯಿಂದ ಪ್ರತಿ ಅಮಾವಾಸ್ಯೆಗೆ ಗುಡಿಯ ಕಟ್ಟೆಯ ಮೇಲೆ ಕೂಟ ನಡೆಸುತ್ತಿದ್ದೇವೆ. ಅಂದು ಮಗ್ಗ ಬಿಡುವ ರೂಢಿ ನಮ್ಮಲ್ಲಿ ಇರುವುದರಿಂದ ಆ ದಿನವನ್ನು ಆರಿಸಿಕೊಂಡೆವು. ಪ್ರತಿ ಸಲವೂ ಹೊರಗಿನಿಂದ ಒಬ್ಬರನ್ನು ಕರೆಸಿ ಉಪನ್ಯಾಸ ಏರ್ಪಡಿಸುತ್ತೇವೆ. ಮೊದಲ ಸಲ ನಲವತ್ತು ಜನ ಸೇರಿದ್ದರು. ಈಗ ಹತ್ತು ಜನ ಬಂದರೆ ಹೆಚ್ಚು. ಇದುವರೆಗಿನ ಉಪನ್ಯಾಸಗಳ ಪಟ್ಟಿಯನ್ನು ಇದರೊಂದಿಗೆ ಕಳಿಸಿದ್ದೇನೆ. ಕೂಟವನ್ನು ಮುಂದುವರಿಸಬೇಕೋ, ನಿಲ್ಲಿಸಬೇಕೋ ತಿಳಿಸಿರಿ.
– ಒಬ್ಬ ನೇಕಾರ, ಇಳಕಲ್

ಉತ್ತರ: ದಯವಿಟ್ಟು ನಿಲ್ಲಿಸಬೇಡಿರಿ. ಹದಿನಾರು ಮಗ್ಗದವರು ತಾವಾಗಿಯೇ ದಿನ ಗೊತ್ತುಮಾಡಿಕೊಂಡು ಕೂಡುತ್ತಿರುವುದು ಸಣ್ಣ ಸಂಗತಿಯಲ್ಲ, ಮತ್ತು ದಿನದ ಆಯ್ಕೆಯೂ ಸರಿಯಾಗಿಯೇ ಇದೆ. ತೊಂದರೆ ಇರುವುದು ನೀವು ಕಳಿಸಿದ ಪಟ್ಟಿಯಲ್ಲಿ. ನೇಕಾರಿಕೆಯ ಇತಿಹಾಸ, ಜೇಡರ ದಾಸಿಮಯ್ಯನವರ ಜೀವನ, ಸರಕಾರದ ಯೋಜನೆಗಳು, ಮಾರುಕಟ್ಟೆಯ ಸವಾಲುಗಳು ಇವೆಲ್ಲ ತಿಳಿಯತಕ್ಕ ವಿಷಯಗಳೇ ಆದರೂ, ದಿನವಿಡೀ ಕುಣಿ ಮಗ್ಗದಲ್ಲಿ ಕಾಲಿಟ್ಟು ಕೂತವನು ಸಂಜೆ ಮನೆಗೆ ಒಯ್ಯುವ ಚಿಂತೆ ಇವುಗಳಲ್ಲಿ ಯಾವುದೂ ಅಲ್ಲ. ಹಾಸಿನ ಎಳೆ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ, ಯಾಕೆ ಮೇಲಿಂದ ಮೇಲೆ ಹರಿಯುತ್ತಿದೆ, ಅಂಗಡಿಯವರು ಕೊಟ್ಟ ನೂಲು ಹೇಳಿದ ನಂಬರಿನದೇ ಹೌದೇ, ಸೆರಗಿನ ಕೆಂಪು ಬಿಳಿಗೆ ಯಾಕೆ ಇಳಿಯಿತು ಎಂಬುದು ಅವನ ಚಿಂತೆ. ಅದಕ್ಕೆ ಕೂಟದಲ್ಲಿ ಜಾಗವಿಲ್ಲದಿದ್ದರೆ ಅವನಿಗೂ ಅಲ್ಲಿ ಜಾಗವಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯದೇ ಒಂದು ಊರಿನ ನೇಕಾರರ ಸಭೆಗೆ ನನ್ನನ್ನೂ ಕರೆದಿದ್ದರು. ನಾಲ್ಕು ಗಂಟೆಗೆಂದು ಹೇಳಿದ್ದ ಸಭೆ ಐದೂವರೆಗೆ ಆರಂಭವಾಗಿ, ಸ್ವಾಗತ, ಮಾಲಾರ್ಪಣೆ, ಸನ್ಮಾನಗಳಲ್ಲಿ ಹೊತ್ತು ಮುಳುಗಿತು. ವೇದಿಕೆಯಿಂದ ಇಳಿದು ಬರುವಾಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈಚೀಲದಿಂದ ಒಂದು ಸೀರೆಯನ್ನು ತೆಗೆದು ಸೆರಗು ಬಿಚ್ಚಿ ತೋರಿಸಿದರು. ಕೆಂಪು ಪಟ್ಟಿಗಳ ನಡುವೆ ಬೆಳ್ಳಗೆ ಎದ್ದು ಕಾಣಬೇಕಾದ ತೋಪು ತೆನೆ ಎಂಬ ವಿನ್ಯಾಸದ ಸಾಲು ಮೊದಲ ಒಗೆತಕ್ಕೇ ಗುಲಾಬಿಯಾಗಿತ್ತು. ಕೊಂಡವರು ಅದನ್ನು ಹಿಂದಕ್ಕೆ ಕಳಿಸಿದ್ದರು. ಇದು ಯಾಕೆ ಹೀಗಾಯಿತೆಂದು ಯಾರಾದರೂ ಹೇಳಿಯಾರೆಂದು ಅವರು ಎರಡು ತಾಸು ಕಾದು ಕೂತಿದ್ದರು, ಮತ್ತು ಅವರನ್ನು ಯಾರೂ ಕೇಳಿರಲಿಲ್ಲ. ಅತಿಥಿಯಾಗಿ ಕೂತಿದ್ದ ನಾನೂ ಕೇಳಿರಲಿಲ್ಲ. ಆ ಸೆರಗು ಈಗಲೂ ನನ್ನ ಕಣ್ಣ ಮುಂದಿದೆ, ನಿಮಗೆ ಈ ಉತ್ತರವನ್ನು ಬರೆಯುತ್ತಿರುವುದೂ ಅದರ ಋಣದಿಂದಲೇ.

ಆದ್ದರಿಂದ ನನ್ನ ಸಲಹೆ ಇಷ್ಟು: ಕೂಟದಲ್ಲಿ ಮೊದಲು ನೇಯ್ದ ಬಟ್ಟೆಯನ್ನು ಬಿಚ್ಚಿ ಹಾಸಬೇಕು, ಮಾತು ಆಮೇಲೆ. ಆ ತಿಂಗಳು ಯಾರ ಮಗ್ಗದಲ್ಲಿ ಏನು ಕೆಟ್ಟಿತೋ ಅದನ್ನು ಅವರು ತಂದು ನಡುವೆ ಹಾಸಲಿ. ಬಣ್ಣ ಇಳಿದ ಸೀರೆ ಬಂದರೆ, ಬಿಳಿ ಧೋತರದ ಒಂದು ತುಂಡನ್ನು ನೀರಿನಲ್ಲಿ ಅದ್ದಿ ಹಿಂಡಿ ಸೆರಗಿನ ಕೆಂಪಿನ ಮೇಲೆ ಒತ್ತಿ ಉಜ್ಜಿರಿ; ಬಟ್ಟೆಗೆ ಎಷ್ಟು ಬಣ್ಣ ಹತ್ತಿತೆಂಬುದನ್ನು ಎಲ್ಲರೂ ನೋಡಲಿ. ಎಳೆಗೆ ಹಿಡಿಯದೆ ಮೇಲೆ ಉಳಿದ ಬಣ್ಣವನ್ನು ಕೊನೆಯಲ್ಲಿ ಚೆನ್ನಾಗಿ ತೊಳೆದು ತೆಗೆಯದಿದ್ದಾಗ ಹೀಗೆ ಇಳಿಯುತ್ತದೆ. ಈ ಪರೀಕ್ಷೆಯನ್ನು ಸೀರೆ ಮುಗಿದ ಮೇಲಲ್ಲ, ಬಣ್ಣದ ಲಡಿ (ಸುತ್ತಿ ಕಟ್ಟಿದ ನೂಲು) ಮನೆಗೆ ಬಂದ ದಿನವೇ ಮಾಡಿಕೊಂಡರೆ ವಾರದ ದುಡಿಮೆ ಉಳಿಯುತ್ತದೆ. ಬಣ್ಣ ಹಾಕುವವರನ್ನೂ ಅಂದು ಕರೆಯಿರಿ, ಆದರೆ ತಪ್ಪು ಹೊರಿಸಲಿಕ್ಕಲ್ಲ. ಅವರ ಒಲೆ, ಅವರ ನೀರು, ಅವರ ಅವಸರ ಏನೆಂಬುದನ್ನು ಕೇಳಲಿಕ್ಕೆ.

ಇನ್ನೊಂದು ಅಮಾವಾಸ್ಯೆಗೆ ಅಕ್ಕಸಾಲಿಗರ ಬಳಿಯಿಂದ ಸಣ್ಣ ತಕ್ಕಡಿಯೊಂದನ್ನು ತಂದಿಡಿರಿ. ಹತ್ತಿ ನೂಲಿನ ನಂಬರು ಎಂದರೆ ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿ ಎಷ್ಟು ಬರುತ್ತವೆ ಎಂಬ ಲೆಕ್ಕ. 60ನೇ ನಂಬರಿನ ನೂಲಾದರೆ 840 ಗಜದ ಒಂದು ಲಡಿ ಸುಮಾರು ಏಳೂವರೆ ಗ್ರಾಂ ತೂಗಬೇಕು, 80ನೇ ನಂಬರಿನದಾದರೆ ಐದೂಮುಕ್ಕಾಲು ಗ್ರಾಮಿಗೆ ತುಸು ಕಡಿಮೆ. ಬಣ್ಣ ಮತ್ತು ಗಂಜಿ ಹತ್ತಿದ ನೂಲು ಹೆಚ್ಚು ತೂಗುವುದರಿಂದ ಕೋರಾ ನೂಲನ್ನೇ, ಅಂದರೆ ಬಣ್ಣ, ಗಂಜಿ ಹಾಕದ ನೂಲನ್ನೇ, ತೂಗಬೇಕು, ತೂಗುವ ಮುಂಚೆ ಲಡಿಯ ಅಳತೆಯನ್ನೂ ನೋಡಿಕೊಳ್ಳಬೇಕು. ಇದನ್ನು ಹತ್ತು ಜನ ಒಟ್ಟಿಗೆ ನೋಡಿದರೆ ಮರುದಿನ ನೂಲಿನಂಗಡಿಯಲ್ಲಿ ಹತ್ತೂ ಜನ ಒಂದೇ ಮಾತು ಆಡಬಲ್ಲರು. ಬೇಸಿಗೆಯ ಅಮಾವಾಸ್ಯೆಗೆ ಎಳೆ ಹರಿಯುವ ವಿಷಯ ತಾನಾಗಿಯೇ ಬರುತ್ತದೆ: ಒಣ ಹವೆಯಲ್ಲಿ ಹತ್ತಿಯ ಎಳೆ ಬಿರುಸಾಗುತ್ತದೆ, ಕುಣಿಯ ತಂಪು ಅದನ್ನು ಕಾಯುತ್ತದೆ. ಕುಣಿ ಮುಚ್ಚಿ ನೆಲದ ಮೇಲೆ ಮಗ್ಗ ಕಟ್ಟಿದ ಮನೆಯವರು ಏನು ಉಪಾಯ ಮಾಡಿಕೊಂಡಿದ್ದಾರೆಂದು ಅಂದು ಅವರಿಂದಲೇ ಕೇಳಿರಿ.

ಹೊರಗಿನವರನ್ನು ಕರೆಯಲೇಬಾರದು ಎಂದು ಇದರ ಅರ್ಥವಲ್ಲ. ಗದಗ-ಬೆಟಗೇರಿಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಲ್ಲಿ ಕಲಿಸುವವರು ಬಂದರೆ ಬಣ್ಣ, ಬಟ್ಟೆಯಲ್ಲಿ ವಿನ್ಯಾಸ ಮೂಡಿಸುವ ಡಾಬಿ, ಜಕಾರ್ಡ್ ಸಾಧನಗಳು ಇವುಗಳ ಬಗೆಗೆ ಬಹಳ ಹೇಳಬಲ್ಲರು. ಆದರೆ ಅವರಿಗೆ ನಿಮ್ಮ ಪ್ರಶ್ನೆಯನ್ನು ಹದಿನೈದು ದಿನ ಮೊದಲೇ ಬರೆದು ಕಳಿಸಿರಿ, ಮಾತಿಗೆ ಅರ್ಧ ತಾಸು ಸಾಕೆಂದು ವಿನಯದಿಂದ ತಿಳಿಸಿರಿ, ಉಳಿದ ಹೊತ್ತನ್ನು ಬಟ್ಟೆ ನೋಡಲು ಇಟ್ಟುಕೊಳ್ಳಿರಿ. ಹಾರ-ಶಾಲುಗಳ ಖರ್ಚಿನಲ್ಲಿ ಒಂದು ನೋಟುಪುಸ್ತಕ ಬರುತ್ತದೆ. ಪ್ರತಿ ಕೂಟದಲ್ಲಿ ತಿಳಿದದ್ದನ್ನು, ನಿಮ್ಮ ಆಡುಮಾತಿನಲ್ಲಿಯೇ, ಶಾಲೆಗೆ ಹೋಗುವ ಒಬ್ಬ ಹುಡುಗನಿಂದಲೋ ಹುಡುಗಿಯಿಂದಲೋ ಅದರಲ್ಲಿ ಬರೆಸಿರಿ.

ಪ್ರಶ್ನೆ: ಹಾಸು ಹೂಡುವುದು, ಕಂಡಿಕೆ (ಲಾಳಿಯೊಳಗಿನ ನೂಲಿನ ಸಣ್ಣ ಕೊಳವೆ) ಸುತ್ತುವುದು, ಎಳೆ ಕೂಡಿಸುವುದು ಹೆಚ್ಚಾಗಿ ಹೆಣ್ಣುಮಕ್ಕಳ ಕೆಲಸ. ಆದರೆ ನಮ್ಮೂರಿನ ಕೂಟಕ್ಕೆ ಮನೆಯ ಗಂಡಸರಿಗಷ್ಟೇ ಹೇಳಿಕೆ ಬರುತ್ತದೆ. ನಮ್ಮ ಅತ್ತೆಯವರಿಗೆ ಗೊತ್ತಿರುವಷ್ಟು ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ, ಆದರೆ ಅವರು ‘ಮನೆಯ ಕಸುಬಿನ ಗುಟ್ಟನ್ನು ನಾಲ್ಕು ಜನರ ಮುಂದೆ ಯಾಕೆ ಹೇಳಬೇಕು’ ಎನ್ನುತ್ತಾರೆ. ಏನು ಮಾಡಬೇಕು?
– ಒಬ್ಬ ಗೃಹಿಣಿ, ಗುಳೇದಗುಡ್ಡ

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದಕ್ಕೆ ಉತ್ತರ ಸುಲಭ: ಕೂಟದ ಹೊತ್ತನ್ನು ಬದಲಿಸಬೇಕು. ಅಡುಗೆಯ ಹೊತ್ತಿಗೆ ಸಭೆ ಇಟ್ಟು ಹೆಣ್ಣುಮಕ್ಕಳು ಬರುವುದಿಲ್ಲ ಎನ್ನುವುದು ನ್ಯಾಯವಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ, ಗುಡಿಯ ಕಟ್ಟೆಗಿಂತ ಯಾರದಾದರೂ ಮಗ್ಗದ ಮನೆಯಲ್ಲಿ ಸೇರುವುದಾದರೆ, ಬರುವವರ ಸಂಖ್ಯೆ ತಾನಾಗಿ ಬದಲಾಗುತ್ತದೆ. ಹೇಳಿಕೆಯೂ ಮಗ್ಗದ ಯಜಮಾನನ ಹೆಸರಿಗೆ ಬೇಡ, ಮನೆಯವರೆಲ್ಲರ ಹೆಸರಿಗೆ ಹೋಗಲಿ.

ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು, ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಥವಿದೆ. ಖಣದ ಮೇಲಿನ ಹೊಸ ವಿನ್ಯಾಸವನ್ನೋ ಹೊಸ ಬಣ್ಣದ ಜೋಡಿಯನ್ನೋ ಒಬ್ಬರು ಕಂಡುಕೊಂಡಿದ್ದರೆ ಅದು ಅವರ ದುಡಿಮೆ; ಕೂಟದಲ್ಲಿ ಅದನ್ನು ಬಿಚ್ಚಿಡೆಂದು ಯಾರೂ ಒತ್ತಾಯಿಸಬಾರದು. ಆದರೆ ಕಸುಬಿನ ಮೂಲವಾದ ಕೈಚಳಕ ಬೇರೆಯ ಮಾತು. ನೆರೆಯ ಇಳಕಲ್ಲಿನಲ್ಲಿ ಸೀರೆಯ ಒಡಲಿಗೆ ಸೆರಗನ್ನು ಕೂಡಿಸುವ ಕೊಂಡಿಯನ್ನೇ ನೋಡಿರಿ. ಅಲ್ಲಿ ಪ್ರತಿ ಸೀರೆಗೂ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ಸಿದ್ಧವಾಗುತ್ತದೆ. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ರೇಷ್ಮೆ ಎಳೆಯ ಕುಣಿಕೆಯನ್ನು ತೂರಿಸಿ, ಹೀಗೆ ಒಂದೊಂದಾಗಿ ಹಾಸಿನ ಅಗಲಕ್ಕೂ ಕೊಂಡಿ ಹಾಕುತ್ತಾರೆ. ಬಿಗಿ ಒಂದಿಷ್ಟು ಹೆಚ್ಚುಕಡಿಮೆಯಾದರೆ ಸೆರಗು ಕೂಡುವ ಜಾಗದಲ್ಲಿ ಗೆರೆ ಸೊಟ್ಟಾಗಿ ಕಾಣುತ್ತದೆ. ಎಷ್ಟು ಬಿಗಿ ಸಾಕೆಂಬುದನ್ನು ಹೇಳುವ ಪುಸ್ತಕವಿಲ್ಲ. ಅದು ಬೆರಳಿನ ತುದಿಯಲ್ಲಿದೆ, ಬೆರಳು ನೋಡಿಯೇ ಕಲಿಯಬೇಕು. ಅದನ್ನು ಬಲ್ಲ ಹಿರಿಯರ ಕಣ್ಣು ಮಂಜಾಗುವ ಮೊದಲು ಬದಿಗೆ ಕೂತು ನೋಡುವವರು ಇಲ್ಲದಿದ್ದರೆ ಆ ಮನೆಗೂ ಅದು ಉಳಿಯುವುದಿಲ್ಲ, ಯಾಕೆಂದರೆ ನಮ್ಮ ಮನೆಗಳ ಮಕ್ಕಳು ಈಗ ಬೆಂಗಳೂರು, ಪುಣೆಗಳಲ್ಲಿದ್ದಾರೆ.

ಅತ್ತೆಯವರನ್ನು ಭಾಷಣಕ್ಕೆ ಕರೆಯಬೇಡಿರಿ. ಮುಂದಿನ ಸಲ ಕೂಟವನ್ನೇ ನಿಮ್ಮ ಮನೆಗೆ ಕರೆದು, ಅವರು ಎಂದಿನಂತೆ ಕೆಲಸ ಮಾಡುತ್ತಿರಲಿ, ಎರಡು ಮೂರು ಜನ ಹೆಣ್ಣುಮಕ್ಕಳು ಬದಿಗೆ ಕೂತು ನೋಡಲಿ. ಕೇಳಿದರೆ ಅವರು ಹೇಳುತ್ತಾರೆ, ತಪ್ಪಿದರೆ ಕೈ ಹಿಡಿದು ತಿದ್ದುತ್ತಾರೆ. ಎಂಥ ಗುಟ್ಟಿನವರಾದರೂ ತಮ್ಮ ಕಣ್ಣ ಮುಂದೆ ಎಳೆ ಕೆಡುವುದನ್ನು ನೋಡಿ ಸುಮ್ಮನಿರಲಾರರು ಎಂಬುದು ನನ್ನ ಅನುಭವ.

ಪ್ರಶ್ನೆ: ನಮ್ಮದು ಪವರ್‌ಲೂಮ್. ಕೈಮಗ್ಗದವರ ಕೂಟಕ್ಕೆ ಹೋಗಬೇಕೆಂಬ ಆಸೆ ಇದೆ. ‘ನಿಮ್ಮಿಂದಲೇ ನಮ್ಮ ಹೊಟ್ಟೆಗೆ ಕಲ್ಲು ಬಿತ್ತು’ ಎಂದಾರೆಂದು ಹಿಂಜರಿಕೆ. ಹೋಗಬಹುದೇ?
– ಒಬ್ಬ ಯುವಕ, ಬನಹಟ್ಟಿ

ಉತ್ತರ: ಹೋಗಬಹುದು, ಹೋಗಲೇಬೇಕು. ನೂಲಿನ ದರ ಏರಿದರೆ ಇಬ್ಬರಿಗೂ ಏರುತ್ತದೆ, ಬಣ್ಣ ಇಳಿದರೆ ಇಬ್ಬರ ಹೆಸರೂ ಕೆಡುತ್ತದೆ. ಆದರೆ ಅವರ ನೋವು ಸುಳ್ಳಲ್ಲ, ಅದನ್ನು ಅರಿತು ಹೋಗಿರಿ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿ ಬಂದಿದೆ, ಕೆಲವು ಬಗೆಯ ಸೀರೆಗಳೂ ಅದರಲ್ಲಿ ಸೇರಿವೆ. ಕೈಮಗ್ಗದ ಬಟ್ಟೆಯನ್ನು ಕೊಳ್ಳುವವರು ಗುರುತಿಸಲೆಂದು 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಚೀಟಿಯೂ ಬಂತು. ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ್ದೆಂದು ಮಾರುವುದಿಲ್ಲ ಎಂಬ ಮಾತನ್ನು ಮೊದಲ ದಿನವೇ ನೀವು ಎದ್ದು ನಿಂತು ಹೇಳಿದರೆ, ನಿಮಗೆ ಚಾಪೆಯ ಮೇಲೆ ಜಾಗ ಸಿಗುತ್ತದೆ.

ಪ್ರಶ್ನೆ: ನಮ್ಮ ಕೂಟವನ್ನು ನೋಂದಣಿ ಮಾಡಿಸಬೇಕೇ? ಭೌಗೋಳಿಕ ಸೂಚಕದ (ಒಂದು ಊರಿನ ವಿಶಿಷ್ಟ ಸರಕಿನ ಹೆಸರಿಗೆ ಕಾನೂನು ಕೊಡುವ ರಕ್ಷಣೆ, ಜಿಐ) ಮಾನ್ಯತೆ ನಮಗೆ ತಾನಾಗಿ ಅನ್ವಯಿಸುತ್ತದೆಯೇ?
– ಒಬ್ಬ ಓದುಗ, ಹುನಗುಂದ

ಉತ್ತರ: ತಿಂಗಳಿಗೊಮ್ಮೆ ಸೇರಿ ಮಾತಾಡುವುದಕ್ಕೆ ಯಾವ ನೋಂದಣಿಯೂ ಬೇಕಿಲ್ಲ. ಹಣ ಕೂಡಿಸಿ ಒಟ್ಟಾಗಿ ನೂಲು ಕೊಳ್ಳುವ, ಸೀರೆ ಮಾರುವ ಯೋಚನೆ ಬಂದ ದಿನ ಸಹಕಾರ ಸಂಘದ ದಾರಿಯನ್ನು ಹಿಡಿಯಿರಿ. ನಮ್ಮ ನೆರೆಯ ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘವನ್ನು ದೇಶದ ಸಹಕಾರ ಚಳವಳಿಯೇ ಇಂದಿಗೂ ನೆನೆಯುತ್ತದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, ಆದರೆ ಅದು ತಾನಾಗಿ ಎಲ್ಲರ ಹೆಸರಿಗೂ ಬರುವುದಿಲ್ಲ. ಕಾನೂನಿನ ಪ್ರಕಾರ ತಯಾರಕರು ಅಧಿಕೃತ ಬಳಕೆದಾರರೆಂದು ತಮ್ಮ ಹೆಸರನ್ನು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಅರ್ಜಿಯನ್ನು ಒಬ್ಬೊಬ್ಬರೇ ತುಂಬುವ ಬದಲು ಒಂದು ಅಮಾವಾಸ್ಯೆಯನ್ನು ಅದಕ್ಕೇ ಮೀಸಲಿಟ್ಟು, ಓದುಬರಹ ಬಲ್ಲವರನ್ನು ನಡುವೆ ಕೂರಿಸಿ, ಎಲ್ಲರೂ ಕೂಡಿಯೇ ತುಂಬಿರಿ.