ಎದುರಾಳಿಯ ಮುಂದೆ ಎದೆಗುಂದದ ಬೆಂಗಳೂರು

ಪ್ರಶ್ನೆ: ನಾನು ಬೆಂಗಳೂರು ಎಫ್‌ಸಿ ತಂಡದ ಹಳೆಯ ಅಭಿಮಾನಿ. 2024–25ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಋತುವಿನಲ್ಲಿ ಕೇರಳ, ಗೋವಾ, ಮುಂಬೈ ತಂಡಗಳ ಎದುರು ನಮ್ಮ ಹುಡುಗರು ಆಡಿದ ರೀತಿಯನ್ನು ನೆನೆದಾಗಲೆಲ್ಲ ಹೆಮ್ಮೆಯೆನಿಸುತ್ತದೆ. ತಂಡದ ಮನೋಬಲ ಬೆಳೆದಿದೆ ಎಂದರೆ ಗೆಳೆಯರು ಒಪ್ಪುವುದಿಲ್ಲ. ಫೈನಲ್‌ನಲ್ಲಿ ಸೋತ ತಂಡಕ್ಕೆ ಎಲ್ಲಿಯ ಮನೋಬಲ ಎಂದು ಕೇಳುತ್ತಾರೆ. ನನ್ನದು ಬರೀ ಅಭಿಮಾನದ ಮಾತೇ?
— ಓದುಗರು, ಮೈಸೂರು

ಉತ್ತರ: ಅಲ್ಲ. ನಿಮ್ಮ ಹೆಮ್ಮೆಗೆ ಆಧಾರವಿದೆ, ಮತ್ತು ಆ ಆಧಾರವನ್ನು ಪಂದ್ಯಗಳಲ್ಲೇ ತೋರಿಸಬಹುದು. ಆದರೆ ಮನೋಬಲವನ್ನು ಗೆಲುವುಗಳ ಲೆಕ್ಕದಿಂದ ಅಳೆಯಲು ಹೋದರೆ ನಿಮ್ಮ ಗೆಳೆಯರ ವಾದಕ್ಕೇ ಬಲ ಬರುತ್ತದೆ. ಗೋಲು ಬಿಟ್ಟುಕೊಟ್ಟ ಮೇಲಿನ ಹತ್ತು ನಿಮಿಷಗಳಲ್ಲಿ ತಂಡ ಹೇಗೆ ಆಡಿತು, ಯಾವ ಎದುರಾಳಿಯಿಂದ ಪೆಟ್ಟು ತಿಂದಿತೋ ಅದೇ ಎದುರಾಳಿಯ ಮುಂದೆ ಮತ್ತೆ ನಿಂತಾಗ ಹೇಗೆ ಆಡಿತು ಎಂಬುದನ್ನು ನೋಡಬೇಕು.

ಹಿಂದಿನ ಋತು ಎಂಥದಾಗಿತ್ತೆಂಬುದನ್ನು ನೀವು ಮರೆತಿರಲಾರಿರಿ. 2023ರ ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ತಂಡ ಕಂಠೀರವ ಕ್ರೀಡಾಂಗಣಕ್ಕೇ ಬಂದು ನಮ್ಮನ್ನು 4–0ರಿಂದ ಸೋಲಿಸಿತು. ಅದೇ ತಿಂಗಳಲ್ಲಿ ಸ್ಪೇನಿನ ಜೆರಾರ್ಡ್ ಝರಗೋಝ ಮುಖ್ಯ ತರಬೇತುದಾರರಾಗಿ ಬಂದರೂ, ಹನ್ನೆರಡು ತಂಡಗಳ ಪಟ್ಟಿಯಲ್ಲಿ ನಾವು ಹತ್ತನೆಯವರಾಗಿ ಋತು ಮುಗಿಸಿದೆವು. ತಾನಾಡಿದ ಮೊದಲ ಐಎಸ್‌ಎಲ್ ಋತುವಿನಲ್ಲೇ ಫೈನಲ್ ತಲುಪಿ, 2019ರಲ್ಲಿ ರಾಹುಲ್ ಭೆಕೆ ಹೆಚ್ಚುವರಿ ಅವಧಿಯಲ್ಲಿ ಹೊಡೆದ ಗೋಲಿನಿಂದ ಗೋವಾವನ್ನು ಮಣಿಸಿ ಚಾಂಪಿಯನ್ ಆಗಿದ್ದ ತಂಡಕ್ಕೆ ಅದು ನೋವಿನ ಸ್ಥಾನವಾಗಿತ್ತು.

ಅಲ್ಲಿಂದ ಒಂದೇ ವರ್ಷದಲ್ಲಿ ಏನು ಬದಲಾಯಿತು ಎಂಬುದಕ್ಕೆ 2024ರ ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ನಡೆದ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಅಕ್ಟೋಬರ್‌ನಲ್ಲಿ ಕೊಚ್ಚಿಯಲ್ಲೇ 3–1ರಿಂದ ಗೆದ್ದು ಬಂದಿದ್ದ ನಮ್ಮ ತಂಡ ಅಂದು ವಿರಾಮದ ಹೊತ್ತಿಗೆ 2–0ರಿಂದ ಮುಂದಿತ್ತು. ದ್ವಿತೀಯಾರ್ಧದಲ್ಲಿ ಕೇರಳ ಎರಡೂ ಗೋಲುಗಳನ್ನು ತೀರಿಸಿತು. ಈ ಎರಡು ಊರುಗಳ ಪೈಪೋಟಿಯಲ್ಲಿ ಇಂಥ ಹೊತ್ತು ಎಷ್ಟು ಕಠಿಣವೆಂಬುದು ನಮ್ಮ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ನಿಂತು ಪಂದ್ಯ ನೋಡಿದವರಿಗೆಲ್ಲ ಗೊತ್ತು; ಕೈಲಿದ್ದ ಮುನ್ನಡೆ ಜಾರಿದಾಗ ಆಟಗಾರರ ಕಾಲುಗಳು ಭಾರವಾಗುತ್ತವೆ, ಚೆಂಡನ್ನು ಮುಂದಕ್ಕೆ ಆಡುವ ಬದಲು ಹಿಂದಕ್ಕೇ ತಳ್ಳುವ ಅಭ್ಯಾಸ ಶುರುವಾಗುತ್ತದೆ. ಅಂದು ಹಾಗಾಗಲಿಲ್ಲ. 73ನೇ ನಿಮಿಷದಲ್ಲಿ ಸುನಿಲ್ ಚೆಟ್ರಿ ಮತ್ತೆ ಮುನ್ನಡೆ ತಂದುಕೊಟ್ಟರು, ಆಟದ ಕೊನೆಯ ಗಳಿಗೆಯಲ್ಲಿ ಹ್ಯಾಟ್ರಿಕ್ ಪೂರೈಸಿದರು, ಪಂದ್ಯ 4–2ರಿಂದ ನಮ್ಮದಾಯಿತು. ನಲವತ್ತು ದಾಟಿದ ಆಟಗಾರನೊಬ್ಬನಿಂದ ಇದು ಸಾಧ್ಯವಾದದ್ದನ್ನು ಕಂಡು ನನಗೆ ಈಗಲೂ ಮೈ ನವಿರೇಳುತ್ತದೆ.

ಗೋವಾ ವಿಷಯದಲ್ಲೂ ಇದೇ ಬೆಳವಣಿಗೆಯಿದೆ. ನವೆಂಬರ್‌ನಲ್ಲಿ ಗೋವಾದ ತವರು ಮೈದಾನ ಫತೋರ್ಡಾದಲ್ಲಿ 3–0ರಿಂದ ಸೋತಿದ್ದ ತಂಡ, ಡಿಸೆಂಬರ್‌ನಲ್ಲಿ ತವರಿನಲ್ಲಿ ಎರಡು ಗೋಲು ಹಿಂದಿದ್ದೂ 2–2ರ ಸಮಬಲ ಸಾಧಿಸಿತು.

ಆದರೂ ನಾನು ಎಲ್ಲಕ್ಕಿಂತ ಮೇಲಿಡುವುದು ಮುಂಬೈ ಎದುರಿನ ಪಂದ್ಯವನ್ನು. ಲೀಗ್ ಹಂತದ ಕೊನೆಯಲ್ಲಿ, 2025ರ ಮಾರ್ಚ್ 11ರಂದು, ಮುಂಬೈ ಕಂಠೀರವದಲ್ಲಿ 2–0ರಿಂದ ಗೆದ್ದು ನಮ್ಮ ಕಣ್ಣೆದುರೇ ಪ್ಲೇಆಫ್ (ಲೀಗ್ ನಂತರದ ನಾಕೌಟ್ ಸುತ್ತು) ಸ್ಥಾನ ಗಿಟ್ಟಿಸಿಕೊಂಡಿತು. ಮಾರ್ಚ್ 29ರಂದು ಅದೇ ತಂಡ, ಅದೇ ಮೈದಾನ. ಸೋತವರಿಗೆ ಋತು ಅಲ್ಲಿಗೇ ಮುಗಿಯುವ ಪಂದ್ಯ. ಹದಿನೆಂಟು ದಿನಗಳ ಹಿಂದಿನ ಸೋಲು ತಲೆಯಲ್ಲಿ ಕೂತಿದ್ದರೆ ನಮ್ಮವರು ಎಚ್ಚರಿಕೆಯ ಹೆಸರಿನಲ್ಲಿ ಹಿಂದೆ ಸರಿದು ಆಡಬೇಕಿತ್ತು. ಬದಲಿಗೆ ಸುರೇಶ್ ವಾಂಗ್‌ಜಮ್ ಹತ್ತು ನಿಮಿಷ ತುಂಬುವ ಮೊದಲೇ ಗೋಲು ಹೊಡೆದರು, ಪಂದ್ಯ 5–0ರಿಂದ ಮುಗಿಯಿತು. ಐವರು ಬೇರೆ ಬೇರೆ ಆಟಗಾರರು ಗೋಲು ಗಳಿಸಿದರು. ಕೊನೆಯದನ್ನು ಹೊಡೆದ ಹೋರ್ಹೆ ಪೆರೇರಾ ಡಿಯಾಸ್ ಹಿಂದೆ ಮುಂಬೈ ಪರವೇ ಆಡಿದವರು. ಆಲ್ಬರ್ಟೊ ನೊಗುವೆರಾ ಮತ್ತು ಭೆಕೆ ಕೂಡ ಮುಂಬೈನಲ್ಲಿ ಆಡಿ ಬಂದವರೇ ಆಗಿದ್ದರು. ಎದುರಾಳಿಯ ಡ್ರೆಸ್ಸಿಂಗ್ ರೂಮನ್ನು ಒಳಗಿನಿಂದ ಬಲ್ಲ ಇಂಥ ಮೂವರು ಜೊತೆಗಿದ್ದರೆ ಆ ತಂಡದ ಬಗೆಗಿನ ಅಳುಕು ತಾನಾಗಿ ಕಡಿಮೆಯಾಗುತ್ತದೆಂದು ನಾನು ನಂಬುತ್ತೇನೆ. ಮನೋಬಲವನ್ನು ಬರೀ ಭಾಷಣದಿಂದ ಕಟ್ಟಲಾಗದು, ಆಟಗಾರರ ಆಯ್ಕೆಯಿಂದಲೂ ಕಟ್ಟಬೇಕಾಗುತ್ತದೆ.

ಸೆಮಿಫೈನಲ್‌ನಲ್ಲಿ ಗೋವಾ ತನ್ನ ತವರಿನಲ್ಲಿ 88ನೇ ನಿಮಿಷದ ಗೋಲಿನಿಂದ ಎರಡು ಲೆಗ್‌ಗಳ (ತವರಿನಲ್ಲೊಂದು, ಹೊರಗೊಂದು ಪಂದ್ಯ) ಒಟ್ಟು ಲೆಕ್ಕವನ್ನು 2–2ಕ್ಕೆ ತಂದಾಗ, ಹೆಚ್ಚುವರಿ ಅವಧಿ ಖಚಿತವೆಂದುಕೊಂಡಿದ್ದ ಹೊತ್ತಿನಲ್ಲಿ ಚೆಟ್ರಿ ತಲೆಯಿಂದ ಗೋಲು ಹೊಡೆದು ನಮ್ಮನ್ನು ಫೈನಲ್‌ಗೆ ಕೊಂಡೊಯ್ದರು. ಗೆಳೆಯರಿಗೆ ಈ ಪಂದ್ಯವನ್ನೂ ನೆನಪಿಸಿ.

ಇನ್ನು ಏಪ್ರಿಲ್ 12ರ ಫೈನಲ್. ಲೀಗ್‌ನಲ್ಲಿ 56 ಅಂಕ ಗಳಿಸಿ, ಅಗ್ರಸ್ಥಾನಕ್ಕೆ ಸಿಗುವ ಶೀಲ್ಡ್ ಗೆದ್ದಿದ್ದ ಮೋಹನ್ ಬಾಗಾನ್ ಎದುರು, ಅವರದೇ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ನಾವು ಮೊದಲು ಮುನ್ನಡೆದೆವು. ಪೆನಾಲ್ಟಿಯಿಂದ ಅವರು ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಜೇಮಿ ಮೆಕ್ಲಾರೆನ್ ಗೋಲು ಹೊಡೆದು 2–1ರಿಂದ ಗೆದ್ದರು. ಮುನ್ನಡೆ ಸಿಕ್ಕ ಮೇಲೆ ಎರಡನೇ ಗೋಲು ಹುಡುಕಿಕೊಳ್ಳುವ ಪಾಠ ಇನ್ನೂ ಬಾಕಿಯಿದೆ ಎಂದು ಗೆಳೆಯರು ಹೇಳಿದರೆ ಅದನ್ನು ಒಪ್ಪಿಕೊಳ್ಳಿ. ಎದೆಗಾರಿಕೆಯೇ ಇರಲಿಲ್ಲ ಎಂದರೆ ಒಪ್ಪಬೇಡಿ.

ಪ್ರಶ್ನೆ: ಇದೆಲ್ಲ ಚೆಟ್ರಿಯವರೊಬ್ಬರ ಬಲವಲ್ಲವೇ? ಅವರ ನಂತರ ಏನು?
— ಓದುಗರು, ಶಿವಮೊಗ್ಗ

ಉತ್ತರ: ಆ ಋತುವಿನಲ್ಲಿ 14 ಗೋಲು ಹೊಡೆದವರ ಪಾಲನ್ನು ಕಡಿಮೆ ಮಾಡಿ ಹೇಳಲಾಗದು, ಮತ್ತು ನಿಮ್ಮ ಆತಂಕ ನನಗೂ ಇದೆ. ಆದರೂ ಮುಂಬೈ ಎದುರಿನ ಐದು ಗೋಲುಗಳಲ್ಲಿ ಚೆಟ್ರಿಯವರದು ಒಂದೇ. ಋತುವಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಏಕೈಕ ಗೋಲು ಹೊಡೆದದ್ದು ಬೆಂಗಳೂರಿನವರೇ ಆದ, ಇನ್ನೂ ಇಪ್ಪತ್ತು ತುಂಬದ ವಿನೀತ್ ವೆಂಕಟೇಶ್. ದೊಡ್ಡ ಎದುರಾಳಿಗಳ ಎದುರು ಇಂಥ ಹುಡುಗರಿಗೆ ಹೆಚ್ಚು ನಿಮಿಷಗಳ ಆಟ ಸಿಗಬೇಕು, ಅದೂ ಚೆಟ್ರಿ ಪಕ್ಕದಲ್ಲಿರುವಾಗಲೇ.