ಸರ್ಬಿಯಾದವರು ಹೊರಗೆ ಎಲ್ಲೆಲ್ಲಿ ನೆಲೆಸಿದ್ದಾರೆ? ಎರಡು-ಮೂರು ತಲೆಮಾರು ಕಳೆದ ಮೇಲೂ ಸರ್ಬರಾಗಿಯೇ ಉಳಿದಿದ್ದಾರಾ?

ಉಳಿದಿದ್ದಾರೆ, ಅದೂ ಗಟ್ಟಿಯಾಗಿ. ನಾನು ಇರುವುದು ವಿಯೆನ್ನಾದಲ್ಲಿ, ಇಲ್ಲಿ ಒಟ್ಟಾಕ್ರಿಂಗ್ ಕಡೆಯ ಟ್ರಾಮ್ ಹತ್ತಿದರೆ ಸರ್ಬಿಯನ್ ಮಾತು ಕಿವಿಗೆ ಬೀಳದ ದಿನವೇ ಕಡಿಮೆ.

1966ರಲ್ಲಿ ಆಸ್ಟ್ರಿಯಾ, 1968ರಲ್ಲಿ ಪಶ್ಚಿಮ ಜರ್ಮನಿ, ಸರ್ಬಿಯಾ ಆಗ ಸೇರಿದ್ದ ಯುಗೊಸ್ಲಾವಿಯಾದಿಂದ ಕೆಲಸಗಾರರನ್ನು ಕರೆಸಿಕೊಂಡವು. ನಾಲ್ಕು ಕಾಸು ಮಾಡಿಕೊಂಡು ವಾಪಸ್ ಹೋಗೋಣ ಅಂತ ಬಂದವರಲ್ಲಿ ಎಷ್ಟೋ ಜನ ಇಲ್ಲೇ ನಿಂತರು. ಊರಲ್ಲಿ ಮನೆ ಮಾತ್ರ ಕಟ್ಟಿಸಿದರು. ಪೂರ್ವ ಸರ್ಬಿಯಾದ ಹಳ್ಳಿಗಳಲ್ಲಿ ಗೇಟಿನ ಮೇಲೆ ಸಿಂಹದ ಬೊಂಬೆ ಕೂರಿಸಿದ ದೊಡ್ಡ ದೊಡ್ಡ ಮನೆಗಳಿವೆ, ವರ್ಷವಿಡೀ ಬೀಗ, ಆಗಸ್ಟ್ ರಜೆ ಬಂತೆಂದರೆ ಮದುವೆ, ವಾದ್ಯ, ವಿದೇಶಿ ನಂಬರಿನ ಕಾರುಗಳು.

ಅಮೆರಿಕಕ್ಕೆ ಹೋದವರು ಇನ್ನೂ ಹಳಬರು. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯೂರು ಜಾಕ್ಸನ್‌ನಲ್ಲಿ 1894ರಲ್ಲೇ ಸರ್ಬಿಯನ್ ಚರ್ಚ್ ಎದ್ದಿತು. ಆಮೇಲೆ ಶಿಕಾಗೊ, ಗ್ಯಾರಿ, ಪಿಟ್ಸ್‌ಬರ್ಗ್ ಕಡೆಯ ಉಕ್ಕಿನ ಕಾರ್ಖಾನೆಗಳು. ಎಲ್ಲರೂ ಸರ್ಬಿಯಾ ದೇಶದಿಂದಲೇ ಬಂದವರಲ್ಲ. ಅಮೆರಿಕಕ್ಕೆ ಹೋದ ಸರ್ಬ್ ವಿಜ್ಞಾನಿ ನಿಕೊಲಾ ಟೆಸ್ಲಾ ಹುಟ್ಟಿದ ಸ್ಮಿಲ್ಯಾನ್ ಹಳ್ಳಿ ಈಗ ಕ್ರೊಯೇಷಿಯಾದಲ್ಲಿದೆ. ಎರಡನೇ ಮಹಾಯುದ್ಧದ ನಂತರ ಕಮ್ಯುನಿಸ್ಟ್ ಆಳ್ವಿಕೆ ಬೇಡವೆಂದವರು ಹೊರಟರು. ಯುಗೊಸ್ಲಾವಿಯಾದ ಕೊನೆಯ ರಾಜ ಎರಡನೇ ಪೀಟರ್ 1970ರಲ್ಲಿ ಅಮೆರಿಕದಲ್ಲೇ ತೀರಿಕೊಂಡರು, ಶಿಕಾಗೊ ಹತ್ತಿರದ ಲಿಬರ್ಟಿವಿಲ್ ಮಠದಲ್ಲಿ ಮಣ್ಣಾದರು, ಅವರ ಅವಶೇಷ ಸರ್ಬಿಯಾ ಸೇರಿದ್ದು 2013ರಲ್ಲಿ. 1990ರ ದಶಕದ ಯುದ್ಧಗಳು ಇನ್ನಷ್ಟು ಜನರನ್ನು ಕೆನಡಾ, ಆಸ್ಟ್ರೇಲಿಯಾಗಳಿಗೆ ಓಡಿಸಿದವು.

ಇವರನ್ನು ಹಿಡಿದಿಟ್ಟಿರುವುದು ಭಾಷೆಗಿಂತ ಜಾಸ್ತಿ 'ಸ್ಲಾವಾ' ಅನ್ನುವುದು ನನ್ನ ಅನಿಸಿಕೆ. ನಮ್ಮ ಮನೆದೇವರ ಹಾಗೆ ಪ್ರತಿ ಕುಟುಂಬಕ್ಕೂ ಒಬ್ಬ ಸಂತ, ಆ ಸಂತನ ದಿನವೇ ಮನೆಯ ಹಬ್ಬ, ಅದು ಅಪ್ಪನಿಂದ ಮಗನಿಗೆ ಬರುತ್ತದೆ. ನನ್ನ ಪಕ್ಕದ ಮನೆಯವರದು ಸಂತ ನಿಕೊಲಾ, ಡಿಸೆಂಬರ್ 19. ಬಾಗಿಲಲ್ಲೇ ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಸೇರಿಸಿದ್ದನ್ನು ಒಂದು ಚಮಚ ಕೊಡುತ್ತಾರೆ, ನಿಂತೇ ತಿನ್ನಬೇಕು. ಒಳಗೆ ಉದ್ದನೆಯ ಮೇಣದಬತ್ತಿ, ಹಿಟ್ಟಿನಲ್ಲೇ ಚಿತ್ತಾರ ಮಾಡಿದ ದುಂಡನೆ ರೊಟ್ಟಿ. ಉಪವಾಸದ ಕಾಲವಾದ್ದರಿಂದ ಮಾಂಸ ಇಲ್ಲ, ಮೀನು ಮತ್ತು ಹುರುಳಿಕಾಯಿ ಬೀಜದ ಅಡುಗೆ. ವಿಯೆನ್ನಾದಲ್ಲೇ ಹುಟ್ಟಿದ ಅವರ ಮೊಮ್ಮಕ್ಕಳು ತಮ್ಮತಮ್ಮಲ್ಲಿ ಜರ್ಮನ್‌ನಲ್ಲೇ ಮಾತಾಡುತ್ತಾರೆ, ಆದರೆ ಆ ರೊಟ್ಟಿಯನ್ನು ತಿರುಗಿಸಿ ಮುರಿಯುವಾಗ ಎಲ್ಲರೂ ಕೈ ಹಾಕುತ್ತಾರೆ.

ನಿಮಗೆ ಸರ್ಬ್ ಸಹೋದ್ಯೋಗಿ ಇದ್ದರೆ ಅವರ ಸ್ಲಾವಾ ಯಾವತ್ತು ಅಂತ ಕೇಳಿ ನೋಡಿ. ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ, ಬೇಕಾದವರು ತಾವೇ ಬರುತ್ತಾರೆ ಅನ್ನುವುದು ಅವರ ಹಳೆಯ ಪದ್ಧತಿ. ಆದರೂ ನೀವು ಹೊಸಬರು ಅಲ್ವಾ, ದಿನ ಹೇಳಿದರೆ ಬರಲಾ ಅಂತ ಒಂದು ಮಾತು ಕೇಳಿಕೊಂಡು ಹೋಗಿ.